ಅರ್ಧ ಚೀಲದ ಮರ್ಯಾದೆ

ಶಾಂತವೀರಪ್ಪ: ಯಾರಿವಳು? ಡಾಕ್ಟರನ್ನ ಕರಿ ಅಂದ್ರ ಮುದುಕೀನ ಕರ್ಕೊಂಡು ಬಂದೀ?

ಉದಗೀರದ ಧಾನ್ಯದ ವ್ಯಾಪಾರಿ ಶಾಂತವೀರಪ್ಪನವರನ್ನು ನಾನು ಮೊದಲು ಕಂಡ ದಿನ ಅವರ ಬಾಯಿಂದ ಬಂದ ಮಾತಿದು. ಕರುಳಿನ ಆಪರೇಶನ್ ಮಾಡಿ, ಮಲ ಬೀಳಲಿಕ್ಕೆ ಹೊಟ್ಟೆಗೊಂದು ಚೀಲ ಅಂಟಿಸಿದ್ದರು. ಅಂದಿನಿಂದ ಅವರು ಕೋಣೆ ಬಿಟ್ಟಿರಲಿಲ್ಲ. ಉಮರ್ಗಾದ ಮಗಳ ಮನೆಯಲ್ಲಿ ಮೊಮ್ಮಗಳ ನಾಮಕರಣ ಹತ್ತಿರ ಬಂದಿತ್ತು. ಹೋಗುವುದಿಲ್ಲ ಎಂದು ಹಟ ಹಿಡಿದಿದ್ದರು.

ನಾನು ಔರಾದ ಶಹಾಜನಿಯ ಚಂಪಾಬಾಯಿ. ಗಂಡನಿಲ್ಲ. ನಮ್ಮ ಕಡೆ ಭೂಕಂಪವಾದ ಮರುವರ್ಷದಿಂದ ನನ್ನ ಹೊಟ್ಟೆಗೂ ಅಂಥದೇ ಚೀಲವಿದೆ. ಅದು ಅವರ ಹೆಂಡತಿ ಶಿವಗಂಗಾಬಾಯಿಗೆ ಗೊತ್ತು. ಶಾಂತವೀರಪ್ಪನವರಿಗೆ ಗೊತ್ತಿರಲಿಲ್ಲ.

ಶಿವಗಂಗಾಬಾಯಿ: ಚೀಲದ ಬಗ್ಗೆ ತಿಳದಾಕಿ ಇದ್ದಾಳ. ಎರಡು ಮಾತು ಕೇಳ್ರಿ.

ಶಾಂತವೀರಪ್ಪ: ಚೀಲದ ಬಗ್ಗೆ ನನಗ ಹೇಳ್ತಾಳ? ಹುಟ್ಟಿದಾಗಿಂದ ಚೀಲದ ಮ್ಯಾಗೇ ಕೂತೀನಿ ನಾ!

ನಾನು: ಕೂತೀರಿ. ಈಗ ಅದು ನಿಮ್ಮ ಮ್ಯಾಗ ಕೂತದ. ಯಾವಾಗ ಖಾಲಿ ಮಾಡ್ತೀರಿ?

ಶಾಂತವೀರಪ್ಪ: ಬಾಯಿ ತನಕ ತುಂಬಿದ ಮ್ಯಾಗ. ಅರ್ಧ ಚೀಲ ಕಳಿಸಾಂವ ವ್ಯಾಪಾರಿ ಅಲ್ಲ, ಕಳ್ಳ. ನಮ್ಮಪ್ಪನ ಕಾಲದಿಂದ ಈ ಮನ್ಯಾಗಿಂದ ಅರ್ಧ ಚೀಲ ಹೊರಬಿದ್ದಿಲ್ಲ.

ಶಿವಗಂಗಾಬಾಯಿ: ಅದಕ್ಕೇ ನಿನ್ನೆ ಗಾದಿ ಮ್ಯಾಗ ಪೂರಾ ಚೀಲ ಹೊರಬಿತ್ತು.

ಶಾಂತವೀರಪ್ಪ: ನೀ ಬಾಯಿ ಮುಚ್ಚು!

ನಾನು: ಆಕೀ ಬಾಯಿ ಇರಲಿ ಬಿಡ್ರಿ, ಚೀಲದ ಬಾಯಿ ನೋಡ್ಕೋರಿ. ಇದನ್ನ ಯಾವ ಗಿರಾಕಿ ತೂಗಿ ತಗೋತಾನ? ಮೂರನೇ ಪಾಲು ತುಂಬಿತೋ, ಎದ್ದು ಖಾಲಿ ಮಾಡಬೇಕು. ಭಾರ ಆದ್ರ ಜಗ್ತದ, ಜಗ್ಗಿದ್ರ ಕಿತ್ತು ಬರ್ತದ.

ಶಾಂತವೀರಪ್ಪ: ತುಂಬದಿದ್ರೂ ಕಿತ್ತು ಬರ್ತದ. ಮಾಲೇ ಖರಾಬ.

ನಾನು: ಅಂಟಿಸೋಕಿಂತ ಮೊದಲ ಚರ್ಮಕ್ಕ ಏನು ಹಚ್ತೀರಿ?

ಶಾಂತವೀರಪ್ಪ: ಮೆತ್ತಗ ಇರಲಿ ಅಂತ ಕೊಬ್ಬರಿ ಎಣ್ಣಿ. ಛಲೋ ಆಗಲಿ ಅಂತ ಅದರ ಮ್ಯಾಗ ವಿಭೂತಿ.

ನಾನು: ಅಯ್ಯ, ಹೊಟ್ಟಿಗೆ ಚೀಲ ಹಚ್ಚಲತ್ತೀರೋ, ಬದನಿಕಾಯಿಗೆ ಮಸಾಲಿ ತುಂಬಲತ್ತೀರೋ? ಎಣ್ಣಿ ತಲಿಗೆ, ವಿಭೂತಿ ಹಣಿಗೆ. ಹೊಟ್ಟಿಗೆ ಬರೇ ನೀರು, ಆಮ್ಯಾಗ ಒಣಾ ಅರಿವಿ. ಪೂರಾ ಒಣಗಿದ ಮ್ಯಾಗ ಹಚ್ಚಿ, ಮ್ಯಾಗ ಅಂಗೈ ಇಟ್ಟು ಒತ್ತಿ ಹಿಡೀರಿ. ಕೈ ಬಿಸಿಗೆ ಅಂಟು ಹಿಡೀತದ.

ಶಾಂತವೀರಪ್ಪ: ವಿಭೂತಿ ಬ್ಯಾಡ ಅಂತಾಳ! ಯಾವ ಮಠದಾಕಿ ಇವಳು?

ನಾನು: ನಿಮ್ಮ ಹಣಿ ಮ್ಯಾಗಿಂದೇ ಆಗಲೇ ಉದುರ್ಯಾದ. ಅದು ಚೀಲ ಹ್ಯಾಂಗ ಹಿಡೀತದ?

ಶಾಂತವೀರಪ್ಪನವರು ಹಣೆ ಮುಟ್ಟಿ ನೋಡಿಕೊಂಡರು.

ಶಿವಗಂಗಾಬಾಯಿ: ಊಟಾನೂ ಬಿಟ್ಟಾರ್ರೀ. ಬರೇ ಚಹಾ. ಆದ್ರೂ ಗುಡುಗುಡು ನಿಂದ್ರವಲ್ದು.

ನಾನು: ಖಾಲಿ ಡಬ್ಬಿನೇ ಹೆಚ್ಚು ಸಪ್ಪಳ ಮಾಡ್ತದ. ಹೊತ್ತಿಗೆ ಸರಿಯಾಗಿ, ತುಸು ತುಸು, ನುರಿಸಿ ಉಣ್ಣಬೇಕು. ಊರಿಗೆ ಹೋಗೋ ದಿನ ಅವರಿಕಾಳು, ಪತ್ತಗೋಬಿ ಪಲ್ಯಾ ಬ್ಯಾಡ, ವಾಯು ತುಂಬಿ ಚೀಲ ಉಬ್ತದ. ಧೋತರದ ಗಂಟು ಚೀಲದ ಮ್ಯಾಗ ಬರಬಾರದು.

ಶಾಂತವೀರಪ್ಪ: ಊರಿಗೆ ಯಾರು ಹೋಗ್ತಾರ? ನಾ ಒಲ್ಲೆ.

ಶಿವಗಂಗಾಬಾಯಿ: ಭೂಕಂಪದಾಗ ಓಣಿ ಎಲ್ಲಾ ಓಡಿದ್ರೂ ಹಾಸಿಗಿ ಬಿಟ್ಟು ಏಳಲಿಲ್ಲ ಅಂತ ಹೇಳ್ಕೋತ ತಿರಗ್ತಿದ್ರಿ. ಈಗ ಒಂದು ಗೇಣು ಚೀಲಕ್ಕ ಅಂಜಿ ಮೂಲಿ ಹಿಡದೀರಿ!

ಶಾಂತವೀರಪ್ಪ: ಭೂಕಂಪಕ್ಕ ವಾಸನಿ ಇರಲಿಲ್ಲ! ಬೀಗರಿಗೆ ಮೂಗಿಲ್ಲೇನು? ಕೂಸು ತೊಡಿ ಮ್ಯಾಗ ಇಟ್ಟು, ಎಲ್ಲಾರೂ ಮೂಗು ಮುಚ್ಚಿಕೊಂಡು ನಿಂತ್ರ? ನಾನೇ ಕಟ್ಟಿದ ಚೀಲ ಬಿಚ್ಚದೇ ಒಳಗ ಹುಳಾ ಬಿದ್ದದೋ ಇಲ್ಲೋ ಮೂಸಿ ಹೇಳ್ತೀನಿ. ಇಂಥಾ ಚೀಲ ಹಚ್ಚಿದಾಂವ ಓಣಿ ಆ ತುದಿಗೆ ಬಂದ್ರ ನನಗಿಲ್ಲಿ ಗೊತ್ತಾಗ್ತದ.

ಶಿವಗಂಗಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ನನ್ನ ಮಣೆಯನ್ನು ಶಾಂತವೀರಪ್ಪನವರ ಹತ್ತಿರಕ್ಕೆ ಸರಿಸಿ ಕೂತೆ.

ನಾನು: ಖರೇ? ಈಗ ಏನು ವಾಸನಿ ಬರಲತ್ತದ?

ಶಾಂತವೀರಪ್ಪ: ನಿನ್ನ ಎಲಿಅಡಿಕಿದು.

ನಾನು: ಮತ್ತ?

ಶಾಂತವೀರಪ್ಪ: ಮತ್ತೇನಿಲ್ಲ.

ನಾನು: ಛಲೋ ಮೂಸ್ರಿ. ವ್ಯಾಪಾರಿ ಮೂಗು.

ಶಾಂತವೀರಪ್ಪ: ಇಲ್ಲ ಅಂದ್ರ ಇಲ್ಲ!

ಸೀರೆಯ ಮೇಲಿಂದಲೇ ನನ್ನ ಸೊಂಟದ ಹತ್ತಿರ ಬೆರಳಿನಿಂದ ಒತ್ತಿದೆ. ಒಳಗೆ ಪ್ಲಾಸ್ಟಿಕ್ ಸರ್ ಎಂದಿತು. ಆ ಸಪ್ಪಳ ಅವರಿಗೆ ಚೆನ್ನಾಗಿ ಗೊತ್ತು.

ಶಾಂತವೀರಪ್ಪ: ನಿಮಗೂ?

ನಾನು: ನನಗೂ. ಅಂಟು ಬಿಗಿ ಇದ್ರ ವಾಸನಿ ಒಳಗೇ ಇರ್ತದ. ಹುಳಾ ಬಿದ್ದಿದ್ದು ನಿಮ್ಮ ಮೂಗಿಗೆ, ಸಾವಕಾರ.

ಶಾಂತವೀರಪ್ಪ: (ಹೆಂಡತಿಗೆ) ನಿನಗ ಗೊತ್ತಿತ್ತು?

ಶಿವಗಂಗಾಬಾಯಿ: ಮೂಗು ನಿಮ್ಮದು. ನಾ ಯಾಕ ಅಡ್ಡ ಬರಲಿ?

ನಾನೂ ಜೊತೆಗೆ ಬಂದರಷ್ಟೇ ಹೊರಡುವೆ ಎಂದರು. ನಾಮಕರಣದ ದಿನ ಮೂವರೂ ಉಮರ್ಗಾದ ಬಸ್ಸು ಹತ್ತಿದೆವು. ಕೂಸಿಗೆ ಹೊಲಿಸಿದ ಕುಂಚಿಗೆ, ಕೊಬ್ಬರಿ ಬಟ್ಟಲು, ಉತ್ತತ್ತಿ ತುಂಬಿದ ಬಟ್ಟೆಯ ಚೀಲವನ್ನು ಶಾಂತವೀರಪ್ಪನವರು ತೊಡೆಯ ಮೇಲಿಟ್ಟುಕೊಂಡಿದ್ದರು. ದಾರಿಯಲ್ಲಿ ನಿಲಂಗಾ ಸ್ಟ್ಯಾಂಡಿನಲ್ಲಿ ಇಳಿದು ಪಾಯಖಾನೆಗೆ ಹೋಗಿ ಬಂದರು.

ಶಾಂತವೀರಪ್ಪ: (ಮೆಲ್ಲಗೆ) ಅರ್ಧಕ್ಕೇ ಕಳಿಸ್ದೆ. ನಮ್ಮಪ್ಪನ ಹೆಸರು ಮುಳುಗ್ತು.

ನಾನು: ಮುಳುಗಲಿ. ಧೋತರ ಉಳೀತು.

ಬಸ್ಸು ಹೊರಟಿತು. ಟಿಕೀಟು ನೋಡುತ್ತ ಬಂದ ಕಂಡಕ್ಟರ್ ನಮ್ಮ ಹತ್ತಿರ ನಿಂತು ಕೈ ಮಾಡಿ ತೋರಿಸಿದ.

ಕಂಡಕ್ಟರ್: ಓ ಆಜೋಬಾ, ಚೀಲ ಬಾಯಿ ತನಕ ತುಂಬ್ಯಾದಲ್ಲ! ಏನದ ಒಳಗ? ತೆಗೆದು ತೋರಿಸ್ರಿ.

ಇಡೀ ಬಸ್ಸು ಇತ್ತ ತಿರುಗಿತು. ಶಾಂತವೀರಪ್ಪನವರ ಎರಡೂ ಕೈ ಹೊಟ್ಟೆಗೆ ಹೋದವು. ಬೆವರು ಇಳಿದು, ಹಣೆಯ ಮೇಲೆ ಉಳಿದಿದ್ದ ವಿಭೂತಿಯೂ ಕರಗಿತು. ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು:

“ಬಾಯೀ, ಈಗಷ್ಟೇ ಖಾಲಿ ಮಾಡಿ ಬಂದೀನಲ್ಲ... ಅಂವಾ ಯಾವ ಚೀಲ ಅನಲತ್ತಾನ್ರೀ?”