ಸತ್ತವನನ್ನು ಹುಡುಕಿದ ನಮ್ಮಕ್ಕ

ನಮ್ಮಕ್ಕ ಒಳಗೆ ಕಾಲಿಟ್ಟಳೆಂದರೆ ಹೈದರಾಬಾದಿನ ಕನ್ನಡದವರ ಯಾವ ಮನೆಯಲ್ಲೂ ಮಾತು ನಿಂತುಹೋಗುತ್ತದೆ. ಅವಳೇನು ಪೊಲೀಸಿನವಳಲ್ಲ. ಪುಸ್ತಕ ಬರೆಯುತ್ತಾಳೆ, ಅಷ್ಟೇ! ಕಟ್ಟುಕಥೆಯಾಗಿದ್ದರೆ ಯಾರದೂ ತಕರಾರಿರಲಿಲ್ಲ. ಇವಳು ಬರೆಯುವುದು ಬದುಕಿರುವವರ ಬಗ್ಗೆ, ನಿಜವಾಗಿ ನಡೆದದ್ದನ್ನು, ಅದೂ ಕಾದಂಬರಿಯ ಹಾಗೆ. ಜನ ಮುಗಿಬಿದ್ದು ಕೊಳ್ಳುತ್ತಾರೆ. ಮುದ್ರಣದ ಮೇಲೆ ಮುದ್ರಣ! ಅವಳಿಗೆ ಶಾಲು, ಹಾರ. ನನಗೆ ಬೆನ್ನುನೋವು.

ಯಾಕೆಂದರೆ ಅವಳಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ರೈಲ್ವೆಯಿಂದ ನಿವೃತ್ತನಾಗಿ ಮಲ್ಕಾಜ್‌ಗಿರಿಯ ಮನೆಯಲ್ಲಿ ಕಾಲು ಚಾಚಿ ಕೂರೋಣವೆಂದುಕೊಂಡ ತಮ್ಮನೊಬ್ಬ ಇದ್ದಾನಲ್ಲ! "ಏಳೋ ತಮ್ಮಾ, ಹೋಗಿ ನೋಡ್ಕೊಂಡು ಬರೂಣು." ಯಾರು ಏನೇ ಹೇಳಲಿ, ಕಣ್ಣಾರೆ ನೋಡದೆ ಅವಳು ಬರೆಯುವುದಿಲ್ಲ. ಯಾರೋ ಬೇವಿನ ಮರದ ಕೆಳಗೆ ಕೂತು ಅತ್ತೆನೆಂದರು. ಉರಿಬಿಸಿಲಲ್ಲಿ ಹೋಗಿ ನೋಡಿದರೆ ಹುಣಸೆ ಮರ! ಅಕ್ಕನಿಗೆ ಹಬ್ಬ, ನನಗೆ ಎರಡು ದಿನ ಜ್ವರ.

ಅವಳದು ಇನ್ನೊಂದು ಪದ್ಧತಿ ಇದೆ. ಅಚ್ಚಿಗೆ ಕೊಡುವ ಮೊದಲು, ಯಾರ ಬಗ್ಗೆ ಬರೆದಿದ್ದಾಳೋ ಅವರ ಮುಂದೆ ಕೂತು ಓದಿ ಹೇಳುತ್ತಾಳೆ. ಪಕ್ಕದ ಮನೆಯ ಮಾಜಿ ರೈಲ್ವೆ ಗಾರ್ಡ್ ಸಾಹೇಬರು, ಸರ್ವೀಸಿನಲ್ಲಿ ಒಂದು ದಿನವೂ ಡ್ಯೂಟಿಗೆ ತಡವಾಗಿಲ್ಲ ಎಂದಿದ್ದರು. ಅಕ್ಕ ಅವರ ಹೆಂಡತಿಯನ್ನು ಕೇಳಿ ಬರೆದದ್ದನ್ನು ಅವರೆದುರೇ ಓದಿದಳು.

"ಇದನ್ನ ತಗೀರಿ ಬಾಯಾರ."

"ಯಾಕ್ರಿ, ಸುಳ್ಳೇನು?"

"ಖರೇ ಐತಿ. ಅದಕ್ಕ ತಗೀರಿ ಅನ್ನಾಕತ್ತೀನಿ!"

ಅವಳು ತೆಗೆಯಲಿಲ್ಲ. ಪುಸ್ತಕ ಬಂದ ಮೇಲೆ ಅವರು ನಮ್ಮ ಗೇಟಿನ ಮುಂದೆ ಹಾಯುವುದನ್ನೇ ಬಿಟ್ಟರು. ಹಾಲು ತರಲು ಕೂಡ ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಾರೆ.

ಈಚಿನ ಪುಸ್ತಕ ರಾಯಚೂರು ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವವರದು. ಅದರಲ್ಲಿ ಅಕ್ಕನಿಗೆ ಜೀವಕ್ಕಿಂತ ಹೆಚ್ಚಾದ ಅಧ್ಯಾಯ ಮಲ್ಲಮ್ಮನದು. ಗಂಡ ಅಮೀರ್‌ಪೇಟ್‌ನಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತ, ಆಮೇಲೆ ಕಾಂಕ್ರೀಟ್ ಹೊತ್ತು ಒಬ್ಬಳೇ ಮಗಳನ್ನು ಸಾಕಿದೆ ಎಂದಿದ್ದಳು. ಅಕ್ಕ ಸುಮ್ಮನಿರುತ್ತಾಳೆಯೇ? ಬಿದ್ದ ಕಟ್ಟಡ ನೋಡಲೇಬೇಕು! ಬೆಳಿಗ್ಗೆ ಕೂಲಿಯವರು ಬಂದು ನಿಲ್ಲುವ ಕಡೆ ಹೋಗಿ, ಅವನ ಜೊತೆ ಕೆಲಸ ಮಾಡಿದ್ದ ಮೇಸ್ತ್ರಿಯನ್ನು ಹಿಡಿದೆವು.

"ಸತ್ತಾನ? ಯಾವಾಗ್ರಿ? ಮನ್ನೆ ಅವನ ಬಂಡ್ಯಾಗ ಮಿರ್ಚಿ ತಿಂದು ಬಂದೀನಲ್ರಿ!"

ಬೇಗಂಪೇಟೆ ಸ್ಟೇಷನ್ನಿನ ಹೊರಗೆ ನಿಂತು ಮಿರ್ಚಿ ಕರಿಯುತ್ತಿದ್ದ, ಪುಣ್ಯಾತ್ಮ! ಪಕ್ಕದಲ್ಲಿ ಇನ್ನೊಬ್ಬಳು ಹೆಂಡತಿ ಹಿಟ್ಟು ಕಲಸುತ್ತಿದ್ದಳು. ಅಕ್ಕ ಅವನ ಹೆಸರು, ಊರು, ಮಲ್ಲಮ್ಮನನ್ನು ಬಿಟ್ಟುಬಂದ ವರ್ಷ ಎಲ್ಲವನ್ನೂ ಕೇಳಿ ಬರೆದುಕೊಂಡಳು. ಮಿರ್ಚಿಗೆ ಉಪ್ಪು ಕಮ್ಮಿ ಎಂಬುದನ್ನೂ ಬಿಡಲಿಲ್ಲ.

"ಅಕ್ಕಾ, ಇದನ್ನ ಇಲ್ಲಿಗೇ ಬಿಡು. ನನಗ ಸಾಕಾಗೇತಿ."

"ಪಾಪ, ಆಕಿಗೆ ಯಾರೋ ಸುಳ್ಳು ಹೇಳ್ಯಾರೋ. ಖರೇ ಗೊತ್ತಾಗಬ್ಯಾಡೇನು?"

ಮರುವಾರ ಮಲ್ಲಮ್ಮನ ತಗಡಿನ ಶೆಡ್ಡಿನ ಮುಂದೆ ಕೂತು ಅಕ್ಕ ಓದಿದಳು. ಬೇಗಂಪೇಟೆ ಎಂಬ ಮಾತು ಬಂದೊಡನೆ ಮಲ್ಲಮ್ಮ ಅವಳ ಕೈ ಹಿಡಿದುಕೊಂಡಳು. ಆ ಕೈಯಲ್ಲಿ ಸಿಮೆಂಟು ಇನ್ನೂ ಹಸಿಯಾಗಿತ್ತು.

"ಮೆಲ್ಲಕ ಓದ್ರಿ ಅಕ್ಕಾರ, ಮಗಳು ಒಳಗ ಅದಾಳ. ಅವ ಬದುಕ್ಯಾನಂತ ನನಗ ಗೊತ್ತೈತ್ರಿ. ಕೂಸಿಗೆ ನಾನೇ ಸತ್ತಾನಂತ ಹೇಳೀನಿ. ಬಿಟ್ಟು ಹೋದ ಅಂದ್ರ ಆಕಿ ತನ್ನಾಗ ಏನು ತಪ್ಪಿತ್ತು ಅಂತ ಹುಡುಕ್ತಾಳ್ರಿ."

ಅಷ್ಟರಲ್ಲಿ ಹುಡುಗಿ ಚಹಾ ತಂದಳು. ಹತ್ತು ಹನ್ನೊಂದು ವರ್ಷವಿರಬಹುದು. ತೆಲುಗು ಶಾಲೆಗೆ ಹೋಗುವವಳು, ಕನ್ನಡ ಓದಲು ಬರುವುದಿಲ್ಲ.

"ನಮ್ಮಪ್ಪನ ಬಗ್ಗೆ ಬರದೀರಂತಲ್ರಿ? ಓದ್ರಿ."

ಮಲ್ಲಮ್ಮ ನೆಲ ನೋಡುತ್ತ ಕೂತಳು. ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡು, ಹಾಳೆ ಎತ್ತಿ ಓದತೊಡಗಿದಳು. ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಾನು ಕಟ್ಟಿದ ಮನೆಗಳನ್ನು ತೋರಿಸುತ್ತಿದ್ದನಂತೆ. ಮೇಲೆ ಕೆಲಸ ಮಾಡುವಾಗ ದಿನಾ ಮಗಳ ಹೆಸರು ಹೇಳುತ್ತಿದ್ದನಂತೆ. ನಾನು ಹಿಂದೆಯೇ ನಿಂತಿದ್ದೆ. ಆ ಹಾಳೆಯಲ್ಲಿ ಇದೊಂದೂ ಇರಲಿಲ್ಲ.

ಆ ಅಧ್ಯಾಯ ಪುಸ್ತಕಕ್ಕೆ ಹೋಗಲಿಲ್ಲ. ನಡುವೆ ಏನೋ ಬಿಟ್ಟುಹೋಗಿದೆ ಎಂದು ಪ್ರಕಾಶಕರು ಈಗಲೂ ಗೊಣಗುತ್ತಾರೆ. ಗೊಣಗಲಿ! ನಮ್ಮಕ್ಕನ ಮೇಲೆ ನನಗೆ ಜನ್ಮದಲ್ಲಿ ಅಷ್ಟು ಪ್ರೀತಿ ಬಂದದ್ದು ಅವತ್ತೇ.

ಹುಡುಗಿ ಚಹಾದ ತಟ್ಟೆಯನ್ನು ಎದೆಗೆ ಅವುಚಿಕೊಂಡು ಕೇಳಿದಳು. ಮುಗಿದ ಮೇಲೆ, "ಇನ್ನೊಮ್ಮೆ ಓದ್ರಿ, ದೊಡ್ಡವ್ವಾ" ಎಂದಳು.

ಅಕ್ಕ ಇನ್ನೊಮ್ಮೆ ಓದಿದಳು.