ಕರಗಬೇಕಾದ ದಾರ

ಬ್ಯಾಡಗಿ ಪೇಟೆಯ ಯಾವ ಅಂಗಡಿಯಲ್ಲಾದರೂ ದಾರ ಕೇಳಿ, ಗಟ್ಟಿಯದೇ ಕೊಡುತ್ತಾರೆ. ಕರಗಿ ಹೋಗುವ ದಾರವೇ ಬೇಕು ಅಂತ ಊಟ ನಿದ್ದೆ ಬಿಟ್ಟಿರುವ ಹೆಣ್ಣುಮಗಳು ನಾ ಕಂಡಂತೆ ಒಬ್ಬಳೇ. ಅವಳು ನನ್ನ ಮೊಮ್ಮಗಳು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು ನನ್ನ ಪಕ್ಕ ಕೂಡುವುದನ್ನೇ ಬಿಟ್ಟಿದ್ದಾರೆ.

ಹಾವೇರಿಯಲ್ಲಿ ಅವಳ ಓದು. ಗೋವಿನಜೋಳದ ಹಿಟ್ಟು ಕಾಸಿ, ಏನೇನೋ ಬೆರೆಸಿ, ತೆಳ್ಳನೆ ಹಾಳೆ ಮಾಡುತ್ತಾಳೆ. ಅದನ್ನು ಸೀಳಿ ಹೊಸೆದರೆ ದಾರ. ಡಾಕ್ಟರು ಮೈಯೊಳಗಿನ ಗಾಯ ಹೊಲಿಯಲಿಕ್ಕೆ. ಗಾಯ ಕೂಡುವ ತನಕ ಹಿಡಿದಿರಬೇಕು, ಆಮೇಲೆ ತ್ರಾಸು ಕೊಡದೆ ಅಲ್ಲೇ ಕರಗಬೇಕು.

ಹೋದ ಬೇಸಿಗೆಯಲ್ಲಿ ಅವಳನ್ನು ನೋಡಲು ರಾಣೆಬೆನ್ನೂರಿನಿಂದ ಗಂಡಿನವರು ಬಂದರು. ಮಾಳಿಗೆಯ ಮೇಲೆ ನನ್ನ ಸಂಡಿಗೆಯ ಪಕ್ಕ ಒಂದು ತಟ್ಟೆ ಹಪ್ಪಳ ಒಣಗಿತ್ತು. ಕರಿದೆ. ಅರಳಿತೂ ಅರಳಿತು!

“ಭಾಳ ಹಗರ ಅದಾವ. ಹುಡುಗಿನ ಮಾಡ್ಯಾಳೇನ್ರಿ?” ಅಂದಳು ಗಂಡಿನ ತಾಯಿ.

ಮೊಮ್ಮಗಳು ತಟ್ಟೆಯನ್ನೇ ನೋಡಿದಳು. “ಹೌದ್ರಿ. ಆರು ತಿಂಗಳ ಹಿಡೀತು.”

ದಾರದ ಹಾಳೆ ಎಣ್ಣೆಗೆ ಬಿತ್ತೆಂದು ಅತ್ತಳೇ? ಇಲ್ಲ. ಎಂಟು ದಿನ ಅವರಿಗೆ ಫೋನು ಮಾಡಿ “ಹೊಟ್ಟಿ ಹೆಂಗೈತ್ರಿ?” ಅಂತ ಕೇಳಿ ಬರೆದುಕೊಂಡಳು. ಒಂಬತ್ತನೇ ದಿನ ಅವರು ಫೋನು ಎತ್ತಲಿಲ್ಲ.

ದಾರವೂ ಮಾತು ಕೇಳಲಿಲ್ಲ. ಒಮ್ಮೆ ಮಾಡಿದ್ದು ಕರಗಲೇ ಇಲ್ಲ. ಇನ್ನೊಮ್ಮೆ ಮಾಡಿದ್ದು ಗಾಯ ಕೂಡುವ ಮೊದಲೇ ನೀರಾಗುವಂಥದ್ದು. ಮೊನ್ನೆ ಬಂದವಳು ಊಟದ ಗಂಗಾಳ ದೂಡಿ ಕೂತಳು.

“ಮುಗೀತಜ್ಜಿ. ಸರ್ ಬ್ಯಾರೆ ಏನರ ಮಾಡು ಅಂದಾರ. ನಾಕು ವರ್ಷ ನೀರಾಗ ಹೋದ್ವು.”

ಎರಡನೇ ಇಯತ್ತೆ ಓದಿದವಳು ನಾನು, ಏನು ಹೇಳಲಿ? ಹಳೆ ಸೀರೆಯ ಚಿಂದಿ ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದೆ. ಚಿಂದಿ ಸರಿಯದಂತೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತೇವೆ. ಪಕ್ಕಾ ಹೊಲಿಗೆ ಬಿದ್ದ ಮೇಲೆ ಅದನ್ನು ಎಳೆದು ಬಿಸಾಕುತ್ತೇವೆ.

“ನಿನ್ನ ದಾರಾನೂ ಇಂಥದ ಅಲ್ಲೇನವ್ವಾ?”

“ಇಂಥದ. ಆದ್ರ ನಂದು ಲಗೂನ ಹೊಂಟ ಬಿಡತೈತಿ.”

“ಈ ಕೌದಿ ಹೊಲಿಗಿ ನಾ ಎಷ್ಟು ಸಲ ಬಿಚ್ಚಿ ಮತ್ತ ಹಾಕೀನಿ, ನೋಡೀಯೇನು?”

ನಾನು ಕಚ್ಚಾ ದಾರ ಎಳೆಯುತ್ತಾ ಹೋದೆ. ಕಣ್ಣು ಮಂಜು, ಕೈ ನಡುಕ. ಇನ್ನೊಂದು ಕೌದಿ ನನ್ನಿಂದ ಆಗಲಿಕ್ಕಿಲ್ಲ, ಅದು ಅವಳಿಗೂ ಗೊತ್ತು. ಕಡೆಯ ಎಳೆಗೆ ಕೈ ಹಾಕಿದಾಗ ನನ್ನ ಕೈ ಹಿಡಿದಳು.

“ಅದೊಂದು ಬಿಡಜ್ಜಿ. ಇರಲಿ.”

ದಾರ ಕರಗಲಿ ಅಂತ ನಾಲ್ಕು ವರ್ಷ ಕಾದವಳು! ಬಿಟ್ಟೆ.

ಮುಂಜಾನೆ ಹಾವೇರಿ ಬಸ್ಸಿಗೆ ಹೊರಟಾಗ ಕೌದಿ ಅವಳ ಬಗಲಲ್ಲಿತ್ತು. ಚೀಲದಲ್ಲಿ, ನನ್ನ ಡಬ್ಬಿಯಲ್ಲಿದ್ದ ಗೋವಿನಜೋಳದ ಹಿಟ್ಟು ಅಷ್ಟೂ.