ಸಹಿ ಬಾರದವರನ್ನೇ ಹಿಡಿಯುವ ಪೆಟ್ಟಿಗೆಗೆ

ಗಜೇಂದ್ರಗಡ,
ಶನಿವಾರ, ೧೯೫೭

ನಮ್ಮ ಕಾಲೇಜಿನ ಮಾನ ಕಾಯಲು ಪುಣೆಯಿಂದ ದಯಮಾಡಿಸಿರುವ ಬೆರಳುಗುರುತಿನ ಪೆಟ್ಟಿಗೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಮಸಿ ಆರದಿರಲಿ, ಕುಂಚದ ಕೂದಲು ಉದುರದಿರಲಿ, ಭೂತಗನ್ನಡಿಗೆ ಗೀರು ಬೀಳದಿರಲಿ ಎಂದು ಹಾರೈಸಿ, ಇದೇ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿಯಾಗಿರುವ ನಾನು ಈ ಅರಿಕೆಯನ್ನು ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ನಿಂತು ಮಾತಾಡಿ ನನಗೆ ರೂಢಿಯಿಲ್ಲ. ಆದ್ದರಿಂದ ಕಮಿಟಿಯ ಸಭೆಯಲ್ಲಿ ಹೇಳಬೇಕಾಗಿದ್ದನ್ನು ನಾಳೆ ಭಾನುವಾರ ಹೊರಡುವ ವಾರಪತ್ರಿಕೆಯ ಮೂಲಕ ತಮಗೆ ಹೇಳುವ ಧಾರ್ಷ್ಟ್ಯವನ್ನು ಕ್ಷಮಿಸಬೇಕು.

ಇವತ್ತು ಬೆಳಿಗ್ಗೆ ಗ್ರಂಥಾಲಯದ ಕೀಲಿ ತೆಗೆಯುವ ಮೊದಲು, ಕುಡಿಯುವ ನೀರಿನ ಹರವಿಯ ಹಿಂದಿನ ಸುಣ್ಣದ ಗೋಡೆ ಕಣ್ಣಿಗೆ ಬಿತ್ತು. ಅಲ್ಲಿ ಎದೆಮಟ್ಟದಲ್ಲಿ, ಕೆಲವು ಅದಕ್ಕಿಂತ ಕೆಳಗೆ, ಕಪ್ಪು ಗೀರುಗಳಿದ್ದವು. ತಮ್ಮ ದರ್ಶನ ಪಡೆದವರು ಹೊರಗೆ ಬಂದು, ಮಸಿಯಾದ ಹೆಬ್ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗೋಡೆಗೆ ಒರೆಸಿ ಹೋದ ಗುರುತುಗಳು. ಪ್ರಾಧ್ಯಾಪಕರ ಕೋಣೆಯವರೆಗೂ ವಿದ್ಯಾರ್ಥಿಗಳ ವಾಚನಾಲಯದವರೆಗೂ ನಡೆದು ನೋಡಿದೆ. ಅಲ್ಲಿನ ಗೋಡೆಗಳು ಹಾಲಿನಂತಿದ್ದವು. ಇಷ್ಟು ಸ್ವಚ್ಛವಾದ ಗೋಡೆಗಳ ನಡುವೆ ಕುಳಿತವರು ಕಳ್ಳತನ ಮಾಡಿಯಾರೇ ಎಂದು ತಮಗೂ ಅನ್ನಿಸಿರಬೇಕು.

ತಾವು ಹೊಸಬರಾದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಪಾರಿತೋಷಕವಿತ್ತು. ಈ ತಿಂಗಳ ಮೊದಲ ವಾರ ಅದು ಕಾಣೆಯಾಯಿತು. ಕೀಲಿ ಮುರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಆ ಕಪಾಟಿಗೆ ಎರಡು ಕೀಲಿಕೈಗಳುಂಟು: ಒಂದು ನನ್ನ ಸೆರಗಿನ ಗಂಟಿನಲ್ಲಿರುತ್ತದೆ, ಇನ್ನೊಂದು ಕಮಿಟಿಯ ಕೋಣೆಯ ಗೂಟದಲ್ಲಿ, ಮಾನ್ಯ ಸದಸ್ಯರಿಗೂ ಅವರ ಚಿರಂಜೀವಿಗಳಿಗೂ ಸದಾ ನಿಲುಕುವಂತೆ ತೂಗುತ್ತಿರುತ್ತದೆ. ಪೊಲೀಸರು ಬಂದರೆ ಕಾಲೇಜಿನ ಹೆಸರು ಕೆಡುತ್ತದೆಂದು ನಮ್ಮ ಕಾರ್ಯದರ್ಶಿಗಳಾದ ವಕೀಲ ವಾಸುದೇವರಾಯರು ತಮ್ಮನ್ನೇ ಕೊಂಡು ತಂದರು. ಇನ್ನು ಮುಂದೆ ವಿಜ್ಞಾನವೇ ಈ ಆವರಣದ ಕಾವಲುಗಾರ ಎಂದು ಭಾಷಣ ಮಾಡಿದರು. ತಮ್ಮ ಮೇಲೆ ಕುಂಕುಮ ಹಚ್ಚಿ ತೆಂಗಿನಕಾಯಿಯನ್ನೂ ಒಡೆಸಿದರು.

ತಮ್ಮನ್ನು ನಡೆಸಲು ನರಗುಂದದ ನಿವೃತ್ತ ಪೊಲೀಸ್ ಜಮಾದಾರ ನಜೀರಸಾಬರನ್ನು ಕರೆಸಲಾಯಿತು. ಅವರು ಕಪಾಟಿನ ಗಾಜಿಗೆ ಪುಡಿ ಹಾರಿಸಿ ಎರಡು ಹೆಬ್ಬೆರಳಿನ ಗುರುತುಗಳನ್ನು ಎಬ್ಬಿಸಿದರು: ಗಾಜಿನ ಹೊರಮೈ ಮೇಲೆ ಒಂದು, ಒಳಮೈ ಮೇಲೆ ಒಂದು. ಇನ್ನು ಕಾಲೇಜಿನಲ್ಲಿರುವ ಎಲ್ಲರ ಹೆಬ್ಬೆರಳನ್ನೂ ಕಾಗದದ ಮೇಲೆ ಒತ್ತಿಸಿದರೆ ಕೆಲಸ ಮುಗಿಯುತ್ತದೆ ಎಂದರು. ಆಗ ಇಂಗ್ಲಿಷ್ ಪ್ರಾಧ್ಯಾಪಕರಾದ ದತ್ತಾತ್ರೇಯರು ಕುರ್ಚಿ ಹಿಂದೆ ಸರಿಸಿ ಎದ್ದು, "ಏನ್ರೀ ಇದು, ಎಂ.ಎ. ಮಾಡಿದವನ ಕಡಿಂದ ಹೆಬ್ಬಟ್ಟು ಒತ್ತಸ್ತೀರಿ? ನಾಳೆ ಕುರೀ ಕಾಯಲಿಕ್ಕೂ ಹೋಗಂತೀರೇನು?" ಎಂದು ಕೇಳಿದರು. ಸಭೆ ತಲೆದೂಗಿತು. ವಾಸುದೇವರಾಯರು ತಕ್ಷಣ ತೀರ್ಪು ಕೊಟ್ಟರು: "ಸಹಿ ಮಾಡ್ಲಿಕ್ಕೆ ಬರೋರು ಸಹಿ ಮಾಡ್ಲಿ, ಬರಲಾರದವರು ಹೆಬ್ಬಟ್ಟು ಒತ್ತಲಿ. ಕಚೇರಿಯೊಳಗ ಹಿಂದಿಂದಲೂ ಇದೇ ಪದ್ಧತಿ ಅದ."

ಹೀಗಾಗಿ ಪ್ರಾಧ್ಯಾಪಕರೂ ಗುಮಾಸ್ತರೂ ವಿದ್ಯಾರ್ಥಿಗಳೂ ನಾನೂ, 'ಪಾರಿತೋಷಕವನ್ನು ನಾನು ತೆಗೆದುಕೊಂಡಿಲ್ಲ' ಎಂಬ ಕಾಗದಕ್ಕೆ ಅಂದವಾಗಿ ಸಹಿ ಮಾಡಿ ನಿರಪರಾಧಿಗಳಾದೆವು. ಕಸ ಹೊಡೆಯುವವರು, ನೀರು ಹೊರುವವರು, ತೋಟಕ್ಕೆ ಮಣ್ಣು ಹಾಕುವವರು, ಗಂಟೆ ಬಾರಿಸುವ ರಾಘಣ್ಣ ತಮ್ಮ ಮುಂದೆ ಸಾಲಾಗಿ ನಿಂತರು. ಅಕ್ಷರ ಬಲ್ಲವನು ಕದಿಯುವುದಿಲ್ಲ, ಕದ್ದರೂ ಸುಳ್ಳಿಗೆ ಸಹಿ ಹಾಕುವುದಿಲ್ಲ ಎಂಬ ಈ ಮಹಾತತ್ವವನ್ನು ತಮ್ಮನ್ನು ತಯಾರಿಸಿದ ಪರದೇಶದ ಪಂಡಿತರು ಇನ್ನೂ ಕಂಡುಕೊಂಡಿಲ್ಲವೆಂದು ಕಾಣುತ್ತದೆ. ದಯವಿಟ್ಟು ಅವರಿಗೆ ತಿಳಿಸಬೇಕು.

ಆಮೇಲೆ ತಾವು ತೋರಿಸಿದ ಚಮತ್ಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೊರಗಿನ ಗುರುತು ಕಸ ಹೊಡೆಯುವ ಮೈಮುನಬಿಯ ಹೆಬ್ಬೆರಳಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತಾಳೆಯಾಯಿತು. ಮೈಮುನಬಿ ಆ ಗಾಜನ್ನು ದಿನಾ ಬೆಳಿಗ್ಗೆ ಹೊರಗಿನಿಂದ ಒರೆಸುವವಳು. ಒರೆಸಬೇಕೆಂದು ಆಜ್ಞೆ ಮಾಡಿದವರು ವಾಸುದೇವರಾಯರೇ. ಒಳಗಿನ ಗುರುತು ಮಾತ್ರ ಸಾಲಿನಲ್ಲಿ ನಿಂತ ಯಾರಿಗೂ ಕೂಡಲಿಲ್ಲ. ನಜೀರಸಾಬರು ಭೂತಗನ್ನಡಿ ಕೆಳಗಿಟ್ಟು, "ರಾಯರ, ಒಳಗಿಂದು ಯಾರದೂ ಕೂಡವಲ್ದುರಿ. ಇನ್ನೂ ಯಾರದರ ಬೊಟ್ಟು ಉಳದಾವೇನ್ರಿ?" ಎಂದರು. ಎಲ್ಲರದೂ ಆಯಿತೆಂದು ರಾಯರು ಹೇಳಿದರು. "ಸಹಿ ಮಾಡಿದವರದ್ರಿ?" ಎಂದು ಮುದುಕರು ಮತ್ತೆ ಕೇಳಿದ್ದಕ್ಕೆ, "ಅವರು ಸಹಿ ಮಾಡ್ಯಾರಲ್ರೀ ಸಾಬರ!" ಎಂಬ ಉತ್ತರ ಬಂತು. ಎಲ್ಲರದೂ ಆದ ಮೇಲೆ ಉಳಿದ ಗುರುತು ಯಾರದೂ ಅಲ್ಲ, ಯಾರದೂ ಅಲ್ಲದ್ದು ಗುರುತೇ ಅಲ್ಲ ಎಂದು ಠರಾವಾಯಿತು. ತರ್ಕಶಾಸ್ತ್ರದ ಪಾಠಕ್ಕೆ ಇದನ್ನು ಸೇರಿಸಿಕೊಳ್ಳುವಂತೆ ತಾವು ಶಿಫಾರಸು ಮಾಡಬೇಕು.

ಅದೇ ಗಳಿಗೆಯಿಂದ ಮೈಮುನಬಿಗೆ ಕಾಲೇಜಿನ ಗೇಟು ಮುಚ್ಚಿತು. ಸೋಮವಾರದ ಸಭೆಯ ನಂತರ ಅವಳ ಮೇಲೆ ಫಿರ್ಯಾದಿ ಪೊಲೀಸರಿಗೆ ಹೋಗಲಿದೆ; ಕಸ ಹೊಡೆಯುವವಳು ಕದ್ದರೆ ಕಾಲೇಜಿನ ಹೆಸರು ಕೆಡುವುದಿಲ್ಲವಂತೆ. ನಿನ್ನೆ ಪೇಟೆಯಲ್ಲಿ ಅವಳು ಎದುರಾದಳು. ಅವಳೇ ಹೇಳಿದಳು: "ಒರಸಲಿಲ್ಲಂದ್ರ ಧೂಳ ಐತಿ ಅಂತ ಬೈತಾರ, ಒರಸಿದ್ರ ಬೊಟ್ಟ ಐತಿ ಅಂತ ಹಿಡೀತಾರ. ಮೊಣಕೈಲೆ ಒರಸಬೇಕಿತ್ತೇನ್ರಿ ಅಕ್ಕಾರ?" ಅಷ್ಟು ಹೇಳಿ ನಕ್ಕಳು. ಆದರೆ ಮಾತಾಡುತ್ತಿದ್ದಷ್ಟು ಹೊತ್ತೂ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಅಂಗಡಿಕಾರರು ಅವಳ ಕೈಯನ್ನೇ ನೋಡುತ್ತಿದ್ದರು. ಇದೂ ತಮ್ಮದೇ ಸಾಧನೆ; ಇಲ್ಲಿಯವರೆಗೆ ಅವರಾರೂ ಅವಳನ್ನು ನೋಡಿದ್ದಿಲ್ಲ.

ನಮ್ಮ ಕಡೆ ಹಿಂದೆ ತಮ್ಮಂಥ ಜ್ಞಾನಿಗಳಿರಲಿಲ್ಲ. ಜಕ್ಕಲಿಯಲ್ಲಿ ನಮ್ಮಜ್ಜಿಯ ಕಾಲಕ್ಕೆ ಒಡವೆ ಕಳೆದರೆ ಮಂತ್ರಿಸಿದ ಅಕ್ಕಿಯನ್ನು ಎಲ್ಲರಿಗೂ ಅಗಿಯಲು ಕೊಡುತ್ತಿದ್ದರಂತೆ. ಹೆದರಿದವನ ಬಾಯಿ ಒಣಗಿ ಅಕ್ಕಿ ಹಿಟ್ಟಾಗದೆ ಉಳಿಯುತ್ತಿತ್ತಂತೆ. ಅದು ಶುದ್ಧ ಮೂಢನಂಬಿಕೆ. ಆಳು ಅಗಿದ ಮೇಲೆ ಗೌಡರೂ ಅಗಿಯಬೇಕಾಗಿತ್ತು, ಗೌಡರ ಮಗನೂ ಅಗಿಯಬೇಕಾಗಿತ್ತು. ವಿಜ್ಞಾನ ಬಂದು ಅಂಥ ಅನಾಗರಿಕತೆಯಿಂದ ದೊಡ್ಡವರನ್ನು ಪಾರುಮಾಡಿತು.

ಇನ್ನು ನನ್ನ ಬಿನ್ನಹಗಳು. ಶಾಯಿಯ ಸಹಿಯನ್ನೇ ಮೂಸಿ ಅದರ ಹಿಂದಿನ ಹೆಬ್ಬೆರಳನ್ನು ಕಂಡುಹಿಡಿಯುವ ವಿದ್ಯೆಯನ್ನು ತಾವು ಸೋಮವಾರದೊಳಗೆ ಕಲಿಯಬೇಕು. ಅದಾಗದಿದ್ದರೆ, ಇಸ್ತ್ರಿಯ ಅಂಗಿ ತೊಟ್ಟವರ ಬೆರಳಿನ ಗೆರೆಗಳನ್ನು ದೇವರು ಸೃಷ್ಟಿಯಲ್ಲಿಯೇ ಕೈಬಿಟ್ಟಿದ್ದಾನೆಂದು ಲಿಖಿತ ದಾಖಲೆ ಕೊಡಬೇಕು. ಅದೂ ಆಗದಿದ್ದರೆ, ಗಾಜು ಒರೆಸಿದ ಗುರುತಿಗೂ ಕದ್ದ ಗುರುತಿಗೂ ಬೇರೆ ಬೇರೆ ಬಣ್ಣ ಬರುವಂತೆ ತಮ್ಮ ಪುಡಿಯನ್ನು ಬದಲಾಯಿಸಿಕೊಳ್ಳಬೇಕು.

ಗ್ರಂಥಾಲಯ ನನ್ನ ಸುಪರ್ದಿಯಲ್ಲಿರುವುದರಿಂದ ಫಿರ್ಯಾದಿಗೆ ಸಾಕ್ಷಿಯಾಗಿ ನನ್ನ ಸಹಿ ಬೇಕಂತೆ. ನನ್ನ ಅಕ್ಷರ ದುಂಡಗಿದೆ, ಕೋರ್ಟಿನಲ್ಲಿ ಶೋಭಿಸುತ್ತದೆ ಎಂದು ರಾಯರು ಮೆಚ್ಚಿಕೊಂಡರು. ಆ ಅಕ್ಷರಕ್ಕಾಗಿ ನೇಯ್ಗೆಯ ಮಗ್ಗದ ಮುಂದೆ ಆಯುಷ್ಯ ಕಳೆದವಳು ನಮ್ಮವ್ವ ಭೀಮಾಬಾಯಿ. ನೇಕಾರರ ಸಂಘದ ಕಾಗದಗಳಿಗೆಲ್ಲ ಅವಳು ಹೆಬ್ಬೆಟ್ಟನ್ನೇ ಒತ್ತಿದವಳು; ನಾನು ಬಿ.ಎ. ಪಾಸಾದ ದಿನ ನಮ್ಮ ಮನೆಯಲ್ಲಿ ಇನ್ನು ಹೆಬ್ಬೆಟ್ಟಿಗೆ ಸೂಟಿ ಎಂದು ಓಣಿಗೆಲ್ಲ ಸಕ್ಕರೆ ಹಂಚಿದವಳು. ನನ್ನ ಮನಸ್ಸಿನಲ್ಲಿದ್ದುದನ್ನು ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ಹೇಳಿದೆ. "ಇಷ್ಟು ಓದಿಸಿದ್ದು ಹೆಬ್ಬಟ್ಟ ಒತ್ತಾಕೇನ ನಿನ್ನ? ಓಣ್ಯಾಗ ಹ್ಯಾಂಗ ಮಾರಿ ತೋರಸ್ಲಿ ನಾ?" ಎಂದು ರೊಟ್ಟಿಯ ಬುಟ್ಟಿಯನ್ನು ದೂರ ಸರಿಸಿ ಎದ್ದುಹೋದಳು.

ಆದರೂ ತಮಗೆ ಮುಂಚಿತವಾಗಿ ತಿಳಿಸುವುದು ಧರ್ಮ. ಸೋಮವಾರ ನಾನು ಆ ಫಿರ್ಯಾದಿಗೆ ಸಹಿ ಮಾಡುವುದಿಲ್ಲ. ಸಭೆಯ ಮುಂದೆ ಮೇಜಿನವರೆಗೆ ನಡೆದು, ಮಾತು ಹೊರಡದಿದ್ದರೆ ಮಾತಿಲ್ಲದೆಯೇ, ನನ್ನ ಹೆಬ್ಬೆರಳನ್ನು ತಮ್ಮ ಮಸಿಗೆ ಒತ್ತಿ ನಜೀರಸಾಬರ ಕಾಗದದ ಮೇಲೆ ಹೊರಳಿಸುತ್ತೇನೆ.

ಇಂತು, ಇದುವರೆಗೆ ಸಹಿಯ ಬಲದಿಂದ ತಮ್ಮ ಕಣ್ಣು ತಪ್ಪಿಸಿಕೊಂಡಿದ್ದ
ತಮ್ಮ ವಿಶ್ವಾಸಿ,
ಗ್ರಂಥಾಲಯದ ಸಹಾಯಕಿ

ತಾ.ಕ.: ಒಳಗಿನ ಗುರುತು ನನ್ನದೇ ಆಗಿದ್ದರೆ ನನ್ನನ್ನೇ ಹಿಡಿಯಿರಿ, ಬೇಸರವಿಲ್ಲ. ನನ್ನದಲ್ಲವಾದರೆ ಲೆಕ್ಕಕ್ಕೆ ಉಳಿಯುವುದು ಕಮಿಟಿಯ ಕೋಣೆಯ ಗೂಟದ ಕೀಲಿಕೈ ಒಂದೇ. ಆ ಕ್ಷಣಕ್ಕೇ ತಾವು ಕೆಟ್ಟುಹೋಗಿದ್ದೀರೆಂದು ಠರಾವಾಗಿ, ದುರಸ್ತಿಗಾಗಿ ಪುಣೆಗೆ ಸಾಗಿಸುವ ಸಂಭವ ಬಹಳವಿರುವುದರಿಂದ, ಭಾನುವಾರವೇ ಗಂಟುಮೂಟೆ ಕಟ್ಟಿಕೊಂಡಿರುವುದು ಕ್ಷೇಮ.